ಸಹಿ ಹಾಕ್ಲಿಕ್ಕೆ ಹೆದರುವವರ ಹತ್ರ ಎಂತ ಕೇಳುದು

(ನಮ್ಮೂರಿನ ವಾಚನಾಲಯದಲ್ಲಿ ಒಂದು ಆದಿತ್ಯವಾರ ಸಾಯಂಕಾಲ ಮಾತಾಡಿದ್ದು. ಫೋನಿನ ರೆಕಾರ್ಡಿಂಗ್ ಕೇಳಿ ಬರೆದದ್ದು.)

ಒಂದು ಅಂಗಡಿಯಿಂದ ಶುರು ಮಾಡ್ತೇನೆ. ನೀವು ಬದಿಯಡ್ಕದಲ್ಲೋ ಕುಂಬಳೆಯಲ್ಲೋ ಸೂಪರ್ ಮಾರ್ಕೆಟಿಗೆ ಹೋದ್ರೆ ಅಕ್ಕಿ, ಸಕ್ಕರೆ, ಚಾಪುಡಿಯ ಕೆಳಗೆ ರೇಟು ಬರೆದ ಸಣ್ಣ ಚೀಟಿ ಸಿಕ್ಕಿಸಿ ಇಟ್ಟಿರ್ತಾರಲ್ಲ, ಬೆರಳಿನಷ್ಟು ಅಗಲದ್ದು, ಆ ಚೀಟಿಯನ್ನು ಮನಸ್ಸಿನಲ್ಲಿ ಇಟ್ಕೊಳ್ಳಿ. 2022ರ ಮಾರ್ಚ್ ತಿಂಗಳ ಕೊನೆಗೆ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಸಾಶಾ ಸ್ಕೋಚಿಲೆಂಕೊ ಅಂತ ಒಬ್ಬಳು ಕಲಾವಿದೆ ಒಂದು ಅಂಗಡಿಗೆ ಹೋಗಿ ಅಂಥ ಐದು ಚೀಟಿ ತೆಗೆದು ಆ ಜಾಗದಲ್ಲಿ ತನ್ನ ಐದು ಚೀಟಿ ಇಟ್ಟಳು. ನೋಡ್ಲಿಕ್ಕೆ ರೇಟಿನ ಚೀಟಿಯೇ, ಓದಿದ್ರೆ ಯುಕ್ರೇನಿನ ಯುದ್ಧದ ಸುದ್ದಿ, ಮರಿಯುಪೋಲ್ ಅಂತ ಊರಿನಲ್ಲಿ ಜನ ಅಡಗಿ ಕೂತಿದ್ದ ಕಲಾಶಾಲೆಗೆ ಬಾಂಬ್ ಹಾಕಿದ್ರು, ಅಂಥದ್ದು. ಸಾಮಾನು ತಗೊಳ್ಳಿಕ್ಕೆ ಬಂದ ಒಬ್ಬರು ಅಜ್ಜಿ ಅದನ್ನು ನೋಡಿ ಪೊಲೀಸರಿಗೆ ಹೇಳಿದ್ರು. ಯುದ್ಧ ಶುರುವಾಗಿ ಎರಡು ವಾರ ಆಗುವ ಮೊದಲೇ ಅಲ್ಲಿ ಹೊಸ ಕಾನೂನು ತಂದಾಗಿತ್ತು, ಸೇನೆಯ ಬಗ್ಗೆ ಸುಳ್ಳು ಸುದ್ದಿ ಹರಡಿದ್ರೆ 15 ವರ್ಷದವರೆಗೆ ಜೈಲು, ಸುಳ್ಳು ಯಾವುದು ಅಂತ ಹೇಳುದು ಸರಕಾರವೇ. ಏಪ್ರಿಲಿನಲ್ಲಿ ಅವಳನ್ನು ಹಿಡಿದ್ರು, ಒಂದೂವರೆ ವರ್ಷಕ್ಕಿಂತ ಜಾಸ್ತಿ ವಿಚಾರಣೆ ಅಂತ ಒಳಗೆ ಇಟ್ರು, 2023ರ ನವೆಂಬರಿನಲ್ಲಿ 7 ವರ್ಷ ಶಿಕ್ಷೆ ಆಯಿತು. 2024ರ ಆಗಸ್ಟ್ 1ಕ್ಕೆ ದೇಶ ದೇಶಗಳ ಮಧ್ಯೆ ಕೈದಿಗಳ ಅದಲುಬದಲು ಆದಾಗ ಹೊರಗೆ ಬಂದಳು.

ಐದು ಚೀಟಿ, 7 ವರ್ಷ. ಅಣುಬಾಂಬ್ ಇರುವ ಸರಕಾರ ಐದು ಚೀಟಿಗೆ ಯಾಕೆ ಹೆದರುದು ಅಂತ ನಾನು ಬಹಳ ದಿನ ಯೋಚನೆ ಮಾಡಿದೆ. ನನಗೆ ಕಂಡದ್ದು ಹೀಗೆ. ಯುದ್ಧ ಬೇಡ, ಕೊಲೆ ಬೇಡ ಅಂತ ಮನಸ್ಸಿನಲ್ಲಿ ಇರುವವರು ಯಾವ ಊರಿನಲ್ಲೂ ಕಡಿಮೆ ಇಲ್ಲ, ಆದ್ರೆ ಒಬ್ಬೊಬ್ಬರೂ ನಾನು ಒಬ್ಬನೇ ಹೀಗೆ ಯೋಚನೆ ಮಾಡುದು ಅಂತ ತಿಳ್ಕೊಂಡು ಬಾಯಿ ಮುಚ್ಚಿ ಕೂತಿರ್ತಾರೆ, ಸರಕಾರಕ್ಕೆ ಬೇಕಾದದ್ದೂ ಅಷ್ಟೇ, ಮನಸ್ಸು ಬದಲಾಗ್ಬೇಕು ಅಂತ ಇಲ್ಲ, ಒಬ್ಬನಿಗೆ ಇನ್ನೊಬ್ಬ ಕಾಣ್ಬಾರದು. ಚೀಟಿ ಓದಿದವನಿಗೆ ಓ, ಇನ್ನೊಬ್ಬ ಇದ್ದಾನೆ ಅಂತ ಗೊತ್ತಾಗ್ತದೆ. ಅದೇ ದೇಶದಲ್ಲಿ 2024ರ ಜನವರಿಯಲ್ಲಿ ಬೋರಿಸ್ ನಡೆಜ್ದಿನ್ ಅಂತ ಒಬ್ಬರು ಯುದ್ಧ ನಿಲ್ಲಿಸ್ತೇನೆ ಅಂತ ಹೇಳಿ ಅಧ್ಯಕ್ಷ ಚುನಾವಣೆಗೆ ನಿಲ್ಲಿಕ್ಕೆ ಹೊರಟ್ರು, ಅದಕ್ಕೆ 1 ಲಕ್ಷ ಜನರ ಸಹಿ ಬೇಕು, ಸಹಿ ಹಾಕುದು ಕಾನೂನು ಪ್ರಕಾರವೇ ಸರಿ ಆದ ಕಾರಣ ಜನ ಹಿಮದ ಚಳಿಯಲ್ಲಿ ಗಂಟೆಗಟ್ಟಲೆ ಕ್ಯೂ ನಿಂತ್ರು. ಚುನಾವಣಾ ಆಯೋಗ ಅವರ ನಾಮಪತ್ರ ತಿರಸ್ಕಾರ ಮಾಡಿತು, ಮಾಡ್ತದೆ ಅಂತ ಕ್ಯೂ ನಿಂತವರಿಗೆ ಮೊದಲೇ ಗೊತ್ತಿರ್ಲಿಕ್ಕೂ ಸಾಕು. ಆದ್ರೂ ನಿಂತ್ರು, ಯಾಕಂದ್ರೆ ಆ ಕ್ಯೂವಿನಲ್ಲಿ ಹಿಂದೆ ಮುಂದೆ ಯಾರಿದ್ದಾರೆ ಅಂತ ಕಾಣ್ತದಲ್ಲ.

ಇದೆಲ್ಲ ದೂರದ ಕತೆ ಅಂತ ತಿಳ್ಕೊಳ್ಬೇಡಿ. ನಮ್ಮಲ್ಲಿ 1940ರಲ್ಲಿ ನಡೆದದ್ದು ಇದಕ್ಕಿಂತ ದೊಡ್ಡದು, ಆದ್ರೆ ಮಕ್ಕಳ ಪಾಠಪುಸ್ತಕದಲ್ಲಿ ಉಪ್ಪಿನ ಸತ್ಯಾಗ್ರಹದಿಂದ ಸೀದಾ ಕ್ವಿಟ್ ಇಂಡಿಯಾಕ್ಕೆ ಹಾರಿಬಿಡ್ತಾರೆ, ಮಧ್ಯದ್ದು ಒಂದು ಗೆರೆಯಲ್ಲಿ ಮುಗೀತದೆ, ನನಗೆ ಅದು ಬಹಳ ಬೇಜಾರಿನ ವಿಷಯ. ಎರಡನೇ ಮಹಾಯುದ್ಧ ನಡೀತಾ ಇತ್ತು, ಭಾರತದವರ ಹತ್ರ ಒಂದು ಮಾತೂ ಕೇಳದೆ ಬ್ರಿಟಿಷರು ನಮ್ಮನ್ನೂ ಯುದ್ಧಕ್ಕೆ ಸೇರಿಸಿದ್ರು, ಯುದ್ಧದ ವಿರುದ್ಧ ಮಾತಾಡಿದ್ರೆ ಜೈಲು. ಗಾಂಧೀಜಿ ಆಗ ದೊಡ್ಡ ಚಳುವಳಿ ಕರೀಲಿಲ್ಲ. ಒಬ್ಬೊಬ್ಬರನ್ನೇ ಆರಿಸಿದ್ರು. ಆರಿಸಿದವರು ಇಂಥ ದಿನ ಇಂಥ ಕಡೆ ಮಾತಾಡ್ತೇನೆ ಅಂತ ಜಿಲ್ಲಾ ಮ್ಯಾಜಿಸ್ಟ್ರೇಟಿಗೆ ಮೊದಲೇ ಕಾಗದ ಬರೀಬೇಕು, ಅಲ್ಲಿ ಹೋಗಿ ಬ್ರಿಟಿಷರ ಯುದ್ಧಕ್ಕೆ ಜನ ಕೊಡುದೂ ಹಣ ಕೊಡುದೂ ತಪ್ಪು, ಯುದ್ಧವನ್ನೆಲ್ಲ ಅಹಿಂಸೆಯಿಂದ ಎದುರಿಸುದೇ ಸರಿ ಅಂತ ಹೇಳ್ಬೇಕು, ಹಿಡಿದ್ರೆ ಹೋಗ್ಬೇಕು, ಹಿಡೀದಿದ್ರೆ ಅದನ್ನೇ ಹೇಳ್ತಾ ದೆಹಲಿ ಕಡೆಗೆ ನಡೀಬೇಕು. ಮೊದಲನೆಯವರು ವಿನೋಬಾ ಭಾವೆ, ಅಕ್ಟೋಬರ್ 17ಕ್ಕೆ ಪವನಾರಿನಲ್ಲಿ. ಎರಡನೆಯವರು ನೆಹರು, ಅವರ ಸರದಿ ಬರುವ ಮೊದಲೇ ಹಿಡಿದು 4 ವರ್ಷ ಶಿಕ್ಷೆ ಕೊಟ್ರು. 1941ರ ಮಧ್ಯಕ್ಕೆ ಆಗುವಾಗ 20,000ಕ್ಕಿಂತ ಹೆಚ್ಚು ಜನ ಒಳಗಿದ್ರು, ಎಲ್ಲ ಒಬ್ಬೊಬ್ಬರಾಗಿ ಹೋದವರು. ಒಬ್ಬನೇ ನಿಂತ್ರೆ ಎಂತ ಆಗ್ತದೆ ಅಂತ ಕೇಳುವವರಿಗೆ ನಾನು ಈ ಸಂಗತಿ ಹೇಳುದು, ಒಬ್ಬನೇ ನಿಂತದ್ದಲ್ಲ ಅದು, ಒಬ್ಬೊಬ್ಬರೇ ನಿಂತದ್ದು, ಆ ಎರಡಕ್ಕೂ ಬಹಳ ವ್ಯತ್ಯಾಸ ಉಂಟು.

ಈಗ ನಮ್ಮ ಊರಿನದ್ದು ಹೇಳ್ತೇನೆ. ಜಾಗದ ಹೆಸರು, ಸ್ಟೇಷನಿನ ಹೆಸರು ಹೇಳುದಿಲ್ಲ, ಇಲ್ಲಿ ಕೂತವರಲ್ಲಿ ಕೆಲವರಿಗೆ ಗೊತ್ತಾಗ್ತದೆ, ಗೊತ್ತಾದವರು ನಿಮ್ಮಲ್ಲೇ ಇಟ್ಕೊಳ್ಳಿ. ಕೆಲವು ವರ್ಷದ ಹಿಂದೆ ನಮ್ಮ ಹತ್ತಿರದ ಒಂದು ಪೇಟೆಯಲ್ಲಿ ಕೊಲೆ ಆಯಿತು, ಎರಡು ದಿನದಲ್ಲಿ ಎರಡು ಕಡೆಯವರೂ ಕತ್ತಿ ಮಸೆಯುವ ಸ್ಥಿತಿ, ನಿಷೇಧಾಜ್ಞೆ ಹಾಕಿದ್ರು, ಅಂಗಡಿ ಬಂದ್, ಬಸ್ ಇಲ್ಲ. ನಾವು ಕೆಲವರು ಸೇರಿ ಶಾಂತಿ ನಡಿಗೆ ಮಾಡ್ತೇವೆ ಅಂತ ಅರ್ಜಿ ಕೊಟ್ರೆ ಪರ್ಮಿಶನ್ ಸಿಗ್ಲಿಲ್ಲ. ಆಗ ನಮ್ಮ ಒಬ್ಬ ಹುಡುಗ, ಡಿಗ್ರಿ ಮುಗಿಸಿ ಕೆಲಸ ಹುಡುಕ್ತಾ ಇದ್ದವ, ವಾಟ್ಸಾಪ್ ಸ್ಟೇಟಸ್ ಹಾಕಿದ, ಸಂಜೆ ಏಳು ಗಂಟೆಗೆ ಎಲ್ಲರೂ ಅವರವರ ಮನೆ ಗೇಟಿನ ಹತ್ರ ದೀಪ ಹಿಡಿದು ಹತ್ತು ನಿಮಿಷ ನಿಲ್ಲುವ, ಯಾರ ಮನೆಯ ಮಗನೂ ಇನ್ನು ಸಾಯುದು ಬೇಡ ಅಂತ. ಅಷ್ಟೇ ಬರೆದದ್ದು. ಮರುದಿನ ಸಾಯಂಕಾಲ ಅವನನ್ನು ಕರ್ಕೊಂಡು ಹೋದ್ರು, ಗಲಭೆಗೆ ಪ್ರಚೋದನೆ ಅಂತ ಕೇಸು. 11 ದಿನ ಒಳಗಿದ್ದ.

ಆ 11 ದಿನ ನಾನು ಎಂತ ಮಾಡಿದೆ ಅಂದ್ರೆ ಒಂದು ಮನವಿ ಬರೆದು ಸಹಿಗೆ ಮನೆ ಮನೆ ಹೋದೆ. ಇಪ್ಪತ್ತು ಮನೆಯಲ್ಲಿ ಮೂರು ಮನೆಯವರು ಸಹಿ ಹಾಕಿದ್ರು. ಒಂದು ಮನೆಯಲ್ಲಿ, ಅವರನ್ನು ನಾನು ಚಿಕ್ಕಂದಿನಿಂದ ಮಾವ ಅಂತ ಕರೆಯುದು, ಚಾ ಕೊಟ್ರು, ಮನವಿಯನ್ನು ಎರಡು ಸಲ ಓದಿದ್ರು, ಮತ್ತೆ ನನ್ನ ಕೈಗೆ ವಾಪಸ್ ಕೊಟ್ಟು, ಸಹಿ ಮಾತ್ರ ಕೇಳ್ಬೇಡ ಮಾರಾಯ, ಮಗನಿಗೆ ಪಾಸ್‌ಪೋರ್ಟ್ ವೆರಿಫಿಕೇಶನ್ ಬರ್ಲಿಕ್ಕುಂಟು, ದುಬಾಯಿಯಲ್ಲಿ ಕೆಲಸ ರೆಡಿ ಉಂಟು ಅಂತ ಹೇಳಿದ್ರು. ನನಗೆ ಸಿಟ್ಟು ಬಂತು. ಆ ವಾರದ ಮೀಟಿಂಗಿನಲ್ಲಿ ಊರಿನವರು ಹೇಡಿಗಳು ಅಂತ ದೊಡ್ಡದಾಗಿ ಹೇಳಿಬಿಟ್ಟೆ, ಮುಂದಿನ ಮೀಟಿಂಗಿಗೆ ಬಂದದ್ದು ನಾಲ್ಕೇ ಜನ. ನಾನು ಮಾಡಿದ್ದು ದೊಡ್ಡ ತಪ್ಪು, ಇವತ್ತು ಕೂಡ ಅದು ನನಗೆ ನೋವು ಕೊಡ್ತದೆ. ಗಲ್ಫಿಗೆ ಹೋಗುವ ದಾರಿ ಒಂದೇ ಇರುವ ಮನೆಯಲ್ಲಿ ಒಂದು ಕೇಸು ಅಂದ್ರೆ ಎಂತ ಅಂತ ಕಾಸರಗೋಡಿನಲ್ಲಿ ಹುಟ್ಟಿದ ನನಗೆ ಗೊತ್ತಿಲ್ವಾ? ಗೊತ್ತಿದ್ದೂ ಹೇಳಿದ್ದು.

ಅದೇ ಮಾವ ಎಂತ ಮಾಡಿದ್ರು ಅಂತ ಕೇಳಿ. ಆ ಹುಡುಗನ ಮನೆಯಲ್ಲಿ ಅಮ್ಮ ಒಬ್ಬರೇ, ಅಪ್ಪ ಇಲ್ಲ, ಅಂಗಳ ತುಂಬ ಅಡಿಕೆ ಹರಗಿ ಇತ್ತು. ಅಮ್ಮ ದಿನಾ ಬೆಳಿಗ್ಗೆ ವಕೀಲರ ಆಫೀಸು, ಸ್ಟೇಷನು, ಜೈಲು ಅಂತ ಬಸ್ಸು ಹಿಡಿದು ಹೋಗುದು, ರಾತ್ರಿ ಬರುದು. ನೆಂಟರೇ ಆ ಅಂಗಳಕ್ಕೆ ಕಾಲು ಇಡುದು ನಿಲ್ಲಿಸಿದ್ರು. ಒಂದು ದಿನ ಮಧ್ಯಾಹ್ನ ಮೇಲೆ ಅಕಾಲದ ಮೋಡ ಕಟ್ಟಿತು, ಅರ್ಧ ಒಣಗಿದ ಅಡಿಕೆಗೆ ಮಳೆ ನೀರು ಬಿದ್ರೆ ಬೂಸ್ಟು ಬಂದು ರೇಟು ಹೋಯಿತು ಅಂತಲೇ ಲೆಕ್ಕ. ನಾನು ಓಡಿ ಹೋಗುವಾಗ ಮಾವ ಮೊದಲೇ ಅಲ್ಲಿದ್ರು, ಲುಂಗಿ ಎತ್ತಿ ಕಟ್ಟಿ, ಹಲಗೆಯಲ್ಲಿ ಅಡಿಕೆಯನ್ನು ಎಳೆದು ರಾಶಿ ಹಾಕ್ತಾ ಇದ್ರು, ಪಕ್ಕದ ಮನೆಯ ಉಮ್ಮ ಟರ್ಪಾಲಿನ ಒಂದು ತುದಿ ಹಿಡಿದು ನಿಂತಿದ್ರು, ಅವರೂ ನನ್ನ ಮನವಿಗೆ ಸಹಿ ಹಾಕದವರೇ. ಟರ್ಪಾಲಿನ ಮೇಲೆ ಮೊದಲ ಹನಿ ಬೀಳುವಾಗ ನಾಲ್ಕೂ ಮೂಲೆಗೆ ಕಲ್ಲು ಇಟ್ಟಾಗಿತ್ತು. ಮತ್ತೆ ಗೊತ್ತಾಯಿತು, ಮಾವ ನಾಲ್ಕು ದಿನದಿಂದ ಬೆಳಿಗ್ಗೆ ಬಂದು ಅಡಿಕೆ ತಿರುವಿ ಹಾಕಿ ಹೋಗ್ತಾ ಇದ್ರು, ಉಮ್ಮ ರಾತ್ರಿಗೆ ಗಂಜಿ ಇಟ್ಟು ಹೋಗ್ತಾ ಇದ್ರು. ಯಾರೂ ಯಾರಿಗೂ ಹೇಳಿರ್ಲಿಲ್ಲ.

ನಾನು ಇವತ್ತು ಬಂದದ್ದೇ ಇದನ್ನು ಹೇಳ್ಲಿಕ್ಕೆ. ಹೆದರಿದವನನ್ನು ಬೈದ್ರೆ ಅವ ಮತ್ತೂ ಒಳಗೆ ಹೋಗ್ತಾನೆ. ಅವನಿಗೆ ಮಾಡ್ಲಿಕ್ಕೆ ಆಗುವಷ್ಟು ಸಣ್ಣ ಕೆಲಸ ಎಂತ ಉಂಟು ಅಂತ ಹುಡುಕುದು ನಮ್ಮ ಕೆಲಸ, ಕೆಲವು ಸಲ ಅವ ನಮಗಿಂತ ಮೊದಲೇ ಅದನ್ನು ಹುಡುಕಿರ್ತಾನೆ.

ಪಾಸ್‌ಪೋರ್ಟಿನ ಮಾತು ಬಂತಲ್ಲ, ತಮಿಳುನಾಡಿನ ಇಡಿಂದಕರೈ ನೆನಪಾಗ್ತದೆ. ಕೂಡಂಕುಳಂ ಅಣುಸ್ಥಾವರ ಬೇಡ ಅಂತ 2011ರಿಂದ ಆ ಮೀನುಗಾರರ ಊರಿನವರು ಚರ್ಚಿನ ಎದುರು ಚಪ್ಪರ ಹಾಕಿ ಸರದಿ ಉಪವಾಸ ಕೂತ್ರು. ಸಾವಿರಗಟ್ಟಲೆ ಜನರ ಮೇಲೆ ರಾಜದ್ರೋಹದ ಕೇಸು ಹಾಕಿದ್ರು, ಒಂದು ಊರು ಪೂರ್ತಿ ದೇಶದ್ರೋಹಿ ಅಂತ. ಕೇಸಿನ ಕಾರಣಕ್ಕೆ ಎಷ್ಟೋ ಹುಡುಗರಿಗೆ ಪಾಸ್‌ಪೋರ್ಟ್ ಸಿಗ್ಲಿಲ್ಲ, ಹೊರದೇಶದ ಕೆಲಸ ತಪ್ಪಿತು, ನಮ್ಮ ಮಾವ ಹೆದರಿದ್ದು ಸುಮ್ನೆ ಅಲ್ಲ. 2013ರ ಮೇಯಲ್ಲಿ ಸುಪ್ರೀಂ ಕೋರ್ಟು ಸ್ಥಾವರಕ್ಕೆ ಒಪ್ಪಿಗೆ ಕೊಟ್ಟದ್ದೇನೋ ಹೌದು, ಆದ್ರೆ ಜನರ ಮೇಲಿನ ಕ್ರಿಮಿನಲ್ ಕೇಸುಗಳನ್ನು ವಾಪಸ್ ತೆಗೀಲಿಕ್ಕೆ ಪ್ರಯತ್ನ ಮಾಡ್ಬೇಕು ಅಂತಲೂ ಹೇಳಿತು. ಅಲ್ಲಿಯ ಹೆಂಗಸರು ಬೀಡಿ ಕಟ್ಟಿ ಬದುಕುವವರು. ಚಪ್ಪರದಲ್ಲಿ ಕೂತು ಮಡಿಲಿನಲ್ಲಿ ಮೊರ ಇಟ್ಟು ಬೀಡಿ ಸುರುಟ್ತಾ ಭಾಷಣ ಕೇಳ್ತಿದ್ರು, ದಿನದ ಸಂಬಳವೂ ಹೋಗ್ಲಿಲ್ಲ, ಹೋರಾಟವೂ ನಿಲ್ಲಿಲ್ಲ. ನಮ್ಮಲ್ಲಿ ಮಂಜೇಶ್ವರ, ಉಪ್ಪಳ ಕಡೆಯೂ ಬೀಡಿ ಕಟ್ಟುವ ಅಕ್ಕಂದಿರು ಇದ್ದಾರಲ್ಲ, ಅವರನ್ನು ನಾವು ಹಗಲು ಹನ್ನೊಂದು ಗಂಟೆಗೆ ಮೆರವಣಿಗೆಗೆ ಕರೀತೇವೆ, ಬರುದಿಲ್ಲ ಅಂತ ದೂರ್ತೇವೆ. ಅವರ ಮೊರಕ್ಕೆ ಜಾಗ ಇರುವ ಕಾರ್ಯಕ್ರಮ ನಾವು ಎಂದಾದ್ರೂ ಮಾಡಿದ್ದೇವಾ?

ಅರ್ಜೆಂಟೀನಾದ ತಾಯಂದಿರ ವಿಷಯ ಕೆಲವರಿಗೆ ಗೊತ್ತಿರ್ಬಹುದು. ಅಲ್ಲಿ 1976ರಿಂದ ಸೇನೆಯ ಆಡಳಿತ, ಪ್ರಶ್ನೆ ಕೇಳಿದ ಮಕ್ಕಳನ್ನು ರಾತ್ರಿ ಹೊತ್ಕೊಂಡು ಹೋಗುದು, ಮತ್ತೆ ಸುಳಿವೇ ಇಲ್ಲ. 1977ರ ಏಪ್ರಿಲ್ 30ಕ್ಕೆ 14 ಜನ ಅಮ್ಮಂದಿರು ಸರಕಾರಿ ಅರಮನೆಯ ಎದುರಿನ ಪ್ಲಾಸಾ ದೆ ಮಾಯೊ ಮೈದಾನಿಗೆ ಬಂದು ನಿಂತ್ರು. ಗುಂಪು ಕಟ್ಟಿ ನಿಲ್ಲುದು ನಿಷೇಧ, ಪೊಲೀಸರು ನಿಲ್ಬೇಡಿ, ನಡೀರಿ ಅಂತ ಹೇಳಿದ್ರು. ಸರಿ, ನಡೀತೇವೆ ಅಂತ ಇಬ್ಬಿಬ್ಬರಾಗಿ ಕೈ ಹಿಡಿದು ಆ ಮೈದಾನಿಗೆ ಸುತ್ತು ಬರ್ಲಿಕ್ಕೆ ಶುರು ಮಾಡಿದ್ರು, ಪ್ರತಿ ಗುರುವಾರ. ಗುರುತಿಗೆ ಅಂತ ತಲೆಗೆ ಕಟ್ಟಿದ ಬಿಳಿ ಬಟ್ಟೆ ಮೊದಲಿಗೆ ಮಕ್ಕಳಿಗೆ ಕಟ್ಟುವ ಲಂಗೋಟಿ ಬಟ್ಟೆ, ಯಾವ ಅಮ್ಮನ ಪೆಟ್ಟಿಗೆಯಲ್ಲೂ ಹಳೇದು ಒಂದು ಇರ್ತದಲ್ಲ ಅದು. ಅವರಲ್ಲಿ ಮುಂದಾಳು ಆಸುಸೆನಾ ವಿಲ್ಯಾಫ್ಲೋರ್. ಎಲ್ಲರೂ ಸ್ವಲ್ಪ ಸ್ವಲ್ಪ ಹಣ ಹಾಕಿ, ಕಾಣೆಯಾದ ಮಕ್ಕಳ ಬಗ್ಗೆ ಪೇಪರಿನಲ್ಲಿ ಜಾಹೀರಾತು ಕೊಟ್ರು, ಅದು ಬಂದದ್ದು ಡಿಸೆಂಬರ್ 10ಕ್ಕೆ, ಮಾನವ ಹಕ್ಕುಗಳ ದಿನ. ಆ ಬೆಳಿಗ್ಗೆ ಪೇಪರ್ ತರ್ತೇನೆ ಅಂತ ಮನೆಯಿಂದ ಹೊರಟ ಆಸುಸೆನಾ ವಾಪಸ್ ಬರ್ಲಿಲ್ಲ, ದಾರಿಯಲ್ಲೇ ಹೊತ್ಕೊಂಡು ಹೋದ್ರು, ಕೊಂದ್ರು. ನಾನು ಇದನ್ನು ಮುಚ್ಚಿಟ್ಟು ಮಾತಾಡ್ಲಿಕ್ಕೆ ಇಷ್ಟ ಪಡುದಿಲ್ಲ. ಶಾಂತಿ ಅಂತ ಹೇಳಿದ್ರೂ ಪ್ರಾಣ ಹೋಗ್ತದೆ, ಹೋಗಿದೆ. ಉಳಿದವರು ಗುರುವಾರ ಮತ್ತೆ ಬಂದ್ರು, 1983ರಲ್ಲಿ ಆ ಸೇನಾ ಸರಕಾರ ಹೋಗುವವರೆಗೂ ಬಂದ್ರು, ಆಮೇಲೂ ಬಿಡ್ಲಿಲ್ಲ.

ಅದರ ಪಕ್ಕದ ಚಿಲಿಯಲ್ಲಿ 1983ರ ಮೇ 11ಕ್ಕೆ ನಡೆದದ್ದು ನನಗೆ ಬಹಳ ಹಿಡಿಸಿದ ವಿಷಯ. ತಾಮ್ರದ ಗಣಿ ಕೆಲಸಗಾರರ ಸಂಘ ಮುಷ್ಕರ ಮಾಡ್ತೇವೆ ಅಂತ ಹೇಳಿತ್ತು, ಅಲ್ಲಿಯ ಸೇನಾ ಸರ್ವಾಧಿಕಾರಿ ಪಿನೊಚೆಟ್‌ನ ಸೈನ್ಯ ಗಣಿಗಳಿಗೆ ಮುತ್ತಿಗೆ ಹಾಕಿತು, ಮುಷ್ಕರ ಮಾಡಿದ್ರೆ ಹೆಣ ಬೀಳ್ತಿತ್ತು. ನಾಯಕರು ಮುಷ್ಕರ ಬಿಟ್ಟು ಬೇರೆ ಕರೆ ಕೊಟ್ರು, ಮಕ್ಕಳನ್ನು ಶಾಲೆಗೆ ಕಳಿಸ್ಬೇಡಿ, ಗಾಡಿ ನಿಧಾನ ಓಡಿಸಿ, ರಾತ್ರಿ ಎಂಟಕ್ಕೆ ಮನೆ ಒಳಗೆ ಪಾತ್ರೆ ಬಡೀರಿ. ರಾಜಧಾನಿ ಸಾಂಟಿಯಾಗೊ ಇಡೀ ಪಾತ್ರೆಯ ಶಬ್ದ. ಯಾವ ಮನೆಯದ್ದು ಅಂತ ಹಿಡಿಯುದು? ನಾಯಕ ಅಂದ್ರೆ ಹೀಗಿರ್ಬೇಕು, ತನ್ನ ಹಟಕ್ಕೆ ಜನರನ್ನು ಗುಂಡಿನ ಬಾಯಿಗೆ ದೂಡುದಲ್ಲ, ಒಂದು ಹೆಜ್ಜೆ ಹಿಂದೆ ಬಂದು ಎಲ್ಲರಿಗೂ ಆಗುವಂಥದ್ದು ಹುಡುಕಿ ಕೊಟ್ರು.

ಯುವಕರು ಕೇಳ್ತಾರೆ, ಪಾತ್ರೆ ಬಡಿದು ಸರಕಾರ ಬೀಳ್ತದಾ, ಕಲ್ಲು ಎತ್ತದೆ ಯಾರಾದ್ರೂ ಕೇಳ್ತಾರಾ ಅಂತ. ಎರಿಕಾ ಚೆನೊವೆತ್ ಮತ್ತು ಮರಿಯಾ ಸ್ಟೀಫನ್ ಅಂತ ಇಬ್ಬರು ಸಂಶೋಧಕಿಯರು 1900ರಿಂದ 2006ರವರೆಗಿನ 323 ಹೋರಾಟಗಳನ್ನು ತುಲನೆ ಮಾಡಿ ನೋಡಿದ್ರು, ಅಹಿಂಸೆಯ ಹೋರಾಟ ಶೇಕಡಾ 53 ಗೆದ್ದಿದೆ, ಆಯುಧ ಹಿಡಿದದ್ದು ಶೇಕಡಾ 26. ಕಾರಣ ಸರಳ. ಕಲ್ಲು ಹಿಡಿಯುವ ಜಾಗಕ್ಕೆ ಇಪ್ಪತ್ತು ವರ್ಷದ ಹುಡುಗ ಮಾತ್ರ ಬರ್ತಾನೆ, ಅಜ್ಜಿ ಬರುದಿಲ್ಲ, ಬಸುರಿ ಬರುದಿಲ್ಲ, ಮಾಸ್ಟ್ರು ಬರುದಿಲ್ಲ. ಒಂದು ಕಲ್ಲು ಬಿದ್ರೆ ಸಾವಿರ ಜನರ ಮೇಲೆ ಲಾಠಿ ಬೀಸ್ಲಿಕ್ಕೆ ನೆಪ ಸಿಕ್ಕಿತು, ಮರುದಿನ ಪೇಪರಿನಲ್ಲಿ ಆ ಕಲ್ಲಿನ ಫೋಟೋ ಮಾತ್ರ.

ಇನ್ನೊಂದು ವಿಷಯ, ನಮ್ಮ ಜಿಲ್ಲೆಗೆ ಮಾತ್ರ ಸಂಬಂಧಪಟ್ಟದ್ದು, ಭಾಷೆ. ಎಂಡೋಸಲ್ಫಾನ್ ಅಂತ ಕೀಟನಾಶಕದ ವಿರುದ್ಧದ ಹೋರಾಟವನ್ನು ನೆನಪು ಮಾಡಿ. ಗೇರು ತೋಟಗಳಿಗೆ ವಿಮಾನದಲ್ಲಿ ವಿಷ ಸಿಂಪಡಿಸಿದ್ದು ಸರಕಾರದ್ದೇ ತೋಟಗಾರಿಕಾ ನಿಗಮ, ಎದುರು ಮಾತಾಡುದು ಅಂದ್ರೆ ಸರಕಾರದ ಎದುರೇ. ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಡಾಕ್ಟ್ರು ವೈ. ಎಸ್. ಮೋಹನ್ ಕುಮಾರ್ ತಮ್ಮ ಹತ್ರ ಬರುವ ರೋಗಿಗಳಲ್ಲಿ ಇಷ್ಟೆಲ್ಲ ವಿಚಿತ್ರ ಕಾಯಿಲೆ ಯಾಕೆ ಅಂತ ಗಮನಿಸಿ ಬರೆದ್ರು, ಶ್ರೀ ಪಡ್ರೆಯವರು ಪತ್ರಿಕೆಗಳಲ್ಲಿ ಬರೆದ್ರು, ಪೆರಿಯದಲ್ಲಿ ಕೃಷಿ ಇಲಾಖೆಯಲ್ಲೇ ಕೆಲಸದಲ್ಲಿದ್ದ ಲೀಲಾಕುಮಾರಿಯಮ್ಮ 1998ರಲ್ಲಿ ಕೋರ್ಟಿಗೆ ಹೋಗಿ ತಡೆಯಾಜ್ಞೆ ತಂದ್ರು, ಮಲಯಾಳ ಪತ್ರಿಕೆಗಳಲ್ಲಿ ಆ ಕಾಯಿಲೆಯ ಮಕ್ಕಳ ಫೋಟೋ ಬಂದು ಇಡೀ ಕೇರಳ ಎದ್ದು ಕೂತಿತು. 2011ರ ಮೇ 13ಕ್ಕೆ ಸುಪ್ರೀಂ ಕೋರ್ಟು ಆ ವಿಷವನ್ನು ದೇಶ ಪೂರ್ತಿ ನಿಲ್ಲಿಸಿತು. ಆ ಅಮ್ಮಂದಿರು ತಿರುವನಂತಪುರದ ಸೆಕ್ರೆಟರಿಯೇಟಿನ ಎದುರು ಮಕ್ಕಳನ್ನು ಮಡಿಲಿನಲ್ಲಿ ಇಟ್ಕೊಂಡು ಕೂತದ್ದು ಅದರ ನಂತರವೂ ನಡೀತು. ಅದರಲ್ಲಿ ಕನ್ನಡದವರು, ಮಲಯಾಳದವರು, ತುಳುವರು, ಬ್ಯಾರಿಗಳು ಎಲ್ಲ ಇದ್ರು. ನಾವು ಕನ್ನಡಿಗರು ಇಲ್ಲಿ, ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದ, ಅಲ್ಪಸಂಖ್ಯಾತರಾಗಿ ಬದುಕಿದವರು, ಆಫೀಸಿನಲ್ಲಿ ನಮ್ಮ ಭಾಷೆಯ ಅರ್ಜಿ ತಳ್ಳಿದಾಗ ಆಗುವ ಸಂಕಟ ನಮಗೆ ಗೊತ್ತುಂಟು, ಹಾಗಿರುವಾಗ ಶಾಂತಿಯ ಕರಪತ್ರವನ್ನು ನಾವು ಕನ್ನಡದಲ್ಲಿ ಮಾತ್ರ ಪ್ರಿಂಟ್ ಮಾಡಿದ್ರೆ ಅದು ಅರ್ಧ ಊರಿಗೆ ಬಾಗಿಲು ಹಾಕಿದ ಹಾಗೆ. ನಾಲ್ಕು ಸಾಲು ಮಲಯಾಳದಲ್ಲಿ ಬರೆಸ್ಲಿಕ್ಕೆ ಪಕ್ಕದ ಮನೆಯವರ ಹತ್ರ ಕೇಳಿ, ಬರೆದುಕೊಟ್ಟವರು ಅಷ್ಟರ ಮಟ್ಟಿಗೆ ನಮ್ಮೊಟ್ಟಿಗೆ ಬಂದ ಹಾಗೆಯೇ ಆಯಿತು.

ಕಾನೂನಿನದ್ದು ಬೇಗ ಹೇಳಿ ಮುಗಿಸ್ತೇನೆ. ಆಯುಧ ಇಲ್ಲದೆ ಶಾಂತವಾಗಿ ಸೇರುದು ಸಂವಿಧಾನದ 19ನೇ ವಿಧಿ ಕೊಟ್ಟ ಹಕ್ಕು. ನಿಷೇಧಾಜ್ಞೆ ಮೊದಲು 144 ಅಂತ ಇದ್ದದ್ದು 2024ರ ಜುಲೈಯಿಂದ ಹೊಸ ಸಂಹಿತೆಯಲ್ಲಿ 163 ಆಗಿದೆ, ಅದನ್ನು ನ್ಯಾಯವಾದ ಅಭಿಪ್ರಾಯ ಹತ್ತಿಕ್ಕಲಿಕ್ಕೆ ಬಳಸ್ಬಾರದು ಅಂತ 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಹಿಡಿದ್ರೆ ಕಾರಣ ಹೇಳ್ಬೇಕು, ವಕೀಲರನ್ನು ಕಾಣ್ಲಿಕ್ಕೆ ಬಿಡ್ಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟಿನ ಎದುರು ಹಾಜರು ಮಾಡ್ಬೇಕು. ಇದು ಇಷ್ಟು ಗೊತ್ತಿದ್ರೆ ಸಾಲದು, ಬರೆದು ಇಡ್ಬೇಕು. ಎಮರ್ಜೆನ್ಸಿಯಲ್ಲಿ, 1976ರ ಮಾರ್ಚ್ 1ಕ್ಕೆ, ಕ್ಯಾಲಿಕಟ್ ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿ ರಾಜನ್‌ನನ್ನು ಪೊಲೀಸರು ಹಿಡಿದು ಕಕ್ಕಯಂ ಕ್ಯಾಂಪಿಗೆ ಕರ್ಕೊಂಡು ಹೋದ್ರು, ಅಪ್ಪ ಈಚರ ವಾರಿಯರ್ ಒಂದು ವರ್ಷ ಕಂಡ ಕಂಡವರಿಗೆಲ್ಲ ಕಾಗದ ಬರೆದ್ರು, ಮಂತ್ರಿಗಳ ಬಾಗಿಲಿಗೆ ಹೋದ್ರು. ಯಾರೂ ಉತ್ತರ ಕೊಡ್ಲಿಲ್ಲ. ಆದ್ರೆ 1977ರಲ್ಲಿ ಎಮರ್ಜೆನ್ಸಿ ಹೋಗಿ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್, ಅಂದ್ರೆ ಹಿಡಿದವನನ್ನು ಕೋರ್ಟಿನ ಎದುರು ತನ್ನಿ ಅಂತ ಕೇಳುವ ಅರ್ಜಿ, ಹಾಕಿದಾಗ ಹಿಡಿಯಲೇ ಇಲ್ಲ ಅಂತ ಸರಕಾರ ಹೇಳಿದ್ದು ನಿಲ್ಲಿಲ್ಲ, ಹಿಡಿದದ್ದನ್ನು ಕಂಡವರು ಬಂದು ಕಂಡದ್ದನ್ನು ಹೇಳಿದ್ರು. ಮುಖ್ಯಮಂತ್ರಿ ಕರುಣಾಕರನ್ ರಾಜೀನಾಮೆ ಕೊಡ್ಬೇಕಾಯಿತು. ಮಗ ಸಿಗ್ಲಿಲ್ಲ, ಅಪ್ಪನಿಗೆ ಮಗನ ದೇಹವೂ ಸಿಗ್ಲಿಲ್ಲ. ಹಾಗಾಗಿ ಕೇಳಿಕೊಳ್ಳುದು, ಯಾರನ್ನಾದ್ರೂ ಜೀಪು ಹತ್ತಿಸುದು ಕಂಡ್ರೆ ವಿಡಿಯೋ ಮಾಡ್ಲಿಕ್ಕೆ ಧೈರ್ಯ ಇಲ್ಲದಿದ್ರೂ ಪರವಾಗಿಲ್ಲ, ತಾರೀಕು, ಗಂಟೆ, ಗಾಡಿ ನಂಬ್ರ ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಡಿ. ಮತ್ತೆ ಸೇರಿದವರ ಮುಖ ಕಾಣುವ ಫೋಟೋ ಗ್ರೂಪುಗಳಿಗೆ ಹಾಕ್ಬೇಡಿ, ನಮ್ಮ ಖುಷಿಗೆ ಹಾಕಿದ್ದು ಇನ್ನೊಬ್ಬರ ಕೇಸಿಗೆ ಸಾಕ್ಷಿ ಆಗ್ತದೆ.

ನಮ್ಮ ಹುಡುಗ 11 ದಿನ ಒಳಗಿದ್ದ ಅಂತ ಹೇಳಿದೆನಲ್ಲ, 11ನೇ ದಿನ ಜಾಮೀನು ಸಿಕ್ಕಿತು. ಇಬ್ಬರು ಜಾಮೀನುದಾರರು ಬೇಕು, ಜಾಗದ ತೀರ್ವೆ ರಶೀದಿ ತರ್ಬೇಕು ಅಂತ ಆಯಿತು. ನನ್ನದೊಂದು ಇತ್ತು, ಇನ್ನೊಬ್ಬರು ಯಾರು ಅಂತ ಕೋರ್ಟಿನ ಜಗಲಿಯಲ್ಲಿ ಫೋನ್ ಹಿಡಿದು ನಿಂತಿದ್ದೆ, ನಾಲ್ಕು ಜನರಿಗೆ ಮಾಡಿದೆ, ಎತ್ತಲಿಲ್ಲ. ಹನ್ನೆರಡೂವರೆಯ ಬಸ್ಸಿನಿಂದ ಮಾವ ಇಳಿದ್ರು. ಶರ್ಟಿನ ಕಿಸೆಯಲ್ಲಿ ಪ್ಲಾಸ್ಟಿಕ್ ತೊಟ್ಟೆ, ಅದರೊಳಗೆ ಮಡಚಿದ ರಶೀದಿ, ಬೆಳಿಗ್ಗೆಯೇ ವಿಲೇಜ್ ಆಫೀಸಿಗೆ ಹೋಗಿ ಆ ವರ್ಷದ್ದು ಕಟ್ಟಿ ಬಂದದ್ದು. ಮಗನ ವೆರಿಫಿಕೇಶನ್ ಅಂತ ನಾನು ಕೇಳಿದೆ. ವಕೀಲರ ಹತ್ರ ಕೇಳಿದ್ದೇನೆ, ಜಾಮೀನು ನಿಂತ್ರೆ ಅದಕ್ಕೆ ತೊಂದರೆ ಇಲ್ಲವಂತೆ, ಎಲ್ಲಿ ಸಹಿ ಹಾಕ್ಬೇಕು ತೋರಿಸು ಅಂತ ಹೇಳಿದ್ರು.

ಇಲ್ಲಿ ಪೇಪರ್ ಓದುವ ಮೇಜಿನ ಮೇಲೆ ಒಂದು ನೋಟ್ ಪುಸ್ತಕ ಇಟ್ಟಿದ್ದೇವೆ. ಅದು ಮನವಿ ಅಲ್ಲ, ನಿಮ್ಮ ಅಭಿಪ್ರಾಯ ಅದರಲ್ಲಿ ಬರೀಬೇಕಾಗಿಲ್ಲ. ಯಾರದ್ದಾದ್ರೂ ಮನೆಗೆ ಹೀಗೆ ಕಷ್ಟ ಬಂದ್ರೆ ನಿಮ್ಮಿಂದ ಎಂತ ಆಗ್ತದೆ ಅದನ್ನು ಮಾತ್ರ ಬರೀರಿ, ಹಾಲು ಕರೆಯುದು, ಮಕ್ಕಳನ್ನು ಶಾಲೆಗೆ ಬಿಡುದು, ಮಲಯಾಳಕ್ಕೆ ಅನುವಾದ, ತೀರ್ವೆ ರಶೀದಿ, ಆಸ್ಪತ್ರೆಗೆ ಗಾಡಿ. ಹೆಸರು ಬೇಡ ಅಂತ ಇದ್ರೆ ಮನೆಯ ಗುರುತು ಸಾಕು, ಸೆಕ್ರೆಟರಿಯವರು ಅದನ್ನು ಕಪಾಟಿನ ಒಳಗೆ ಇಡ್ತಾರೆ. ಪೆನ್ನು ಪುಸ್ತಕಕ್ಕೆ ದಾರದಲ್ಲಿ ಕಟ್ಟಿ ಉಂಟು. ಚಾ ಕುಡಿದು ಹೋಗುವಾಗ ಒಮ್ಮೆ ಆ ಮೇಜಿನ ಹತ್ರ ಬನ್ನಿ.